ನೆಲದ ಹಗೇವು

ಮನೆಯ ಆಡಳಿತವನ್ನು ವಹಿಸಿದವರು ಎರಡು ಬಗೆಯ ಲೆಕ್ಕಗಳನ್ನು ತಿಳಿದಿರಬೇಕು. ಬಂದುದೆಷ್ಟು, ವೆಚ್ಚವಾದುದೆಷ್ಟು ಎಂಬುದು ಒಂದು. ಉಳಿದುದು ಎಲ್ಲಿ, ಯಾವ ಭದ್ರತೆಯಲ್ಲಿ ಇದೆಯೆಂಬುದು ಮತ್ತೊಂದು. ಮೊದಲನೆಯದನ್ನು ಎಲ್ಲರೂ ಬರೆದಿಡುವರು. ಎರಡನೆಯದನ್ನು ಬರೆದಿಡುವವರು ವಿರಳ. ಅಡಿಗೆಯ ಮನೆಯ ಗಡಿಗೆಯಲ್ಲಿ ಒಂದು ಖಂಡುಗ ರಾಗಿ, ಪಡಸಾಲೆಯ ಕಣಜದಲ್ಲಿ ಒಂದು ಖಂಡುಗ ರಾಗಿ, ಊರ ಮುಂದಣ ದಿಣ್ಣೆಯ ಹಗೇವಿನಲ್ಲಿ ಒಂದು ಖಂಡುಗ ರಾಗಿ ಇದ್ದರೆ, ತೂಕಕ್ಕೆ ಮೂರೂ ಸಮ. ಬಾಳಿಕೆಗೆ ಮಾತ್ರ ಅಜಗಜಾಂತರ. ಗಡಿಗೆಯದು ನಾಳಿನ ಮುದ್ದೆಗೆ, ಕಣಜದ್ದು ಬರುವ ಸುಗ್ಗಿಯವರೆಗೆ, ಹಗೇವಿನದು ಬರಗಾಲಕ್ಕೆ.

ಈಗಿನ ಎಳೆಯರಲ್ಲಿ ಹಗೇವನ್ನು ಕಣ್ಣಾರೆ ಕಂಡವರು ಕಡಿಮೆ. ನೀರು ನಿಲ್ಲದ ಎತ್ತರದ ನೆಲದಲ್ಲಿ ಆಳವಾದ ಗುಂಡಿಯನ್ನು ತೋಡಿ, ಒಳಗೆ ಹುಲ್ಲನ್ನು ಹಾಸಿ, ರಾಗಿಯನ್ನು ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಅಲ್ಲಿದ್ದ ಪ್ರಾಣವಾಯುವೆಲ್ಲ ತೀರಿ ಇಂಗಾಲಾಮ್ಲವಾಯು ತುಂಬಿಕೊಳ್ಳುತ್ತಿತ್ತು. ಆಮೇಲೆ ಹುಳುವಿಗೂ ಅಲ್ಲಿ ಬಾಳಿಲ್ಲ, ಬೂಷ್ಟಿಗೂ ಬಾಳಿಲ್ಲ. ಹಗೇವನ್ನು ತೆರೆದ ಕೂಡಲೆ ಒಳಗಿಳಿಯಬಾರದು, ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು ಎಂದು ಹಿರಿಯರು ಕಟ್ಟಪ್ಪಣೆ ಮಾಡುತ್ತಿದ್ದುದು ಇದಕ್ಕಾಗಿಯೇ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಹಗೇವಿನ ರಾಗಿ ಬೇರೆ ಜಾತಿಯ ರಾಗಿಯಲ್ಲ. ಗಡಿಗೆಯಲ್ಲಿದ್ದಿದ್ದರೆ ಅದೂ ತಿಂಗಳೊಳಗೆ ತೀರುತ್ತಿತ್ತು. ಅದನ್ನು ಉಳಿಸಿದುದು ಅದರ ಗುಣವಲ್ಲ, ಅದು ಇರುವ ಸ್ಥಳ.

ನಾವು ಇಂದು ಹೇಳಹೊರಟಿರುವುದು ಮಣ್ಣಿನ ವಿಚಾರ. ಆದರೂ ರಾಗಿಯ ವಿಚಾರವನ್ನು ಮುಂದಿಟ್ಟುದಕ್ಕೆ ಕಾರಣವಿದೆ. ಹೊಲಕ್ಕೆ ಬೀಳುವ ಎಲೆ, ಸಾಯುವ ಬೇರು, ಉಳಿದ ಕೂಳೆ, ನಾವು ಹೊಡೆಯುವ ಕೊಟ್ಟಿಗೆಯ ಗೊಬ್ಬರ, ಇವೆಲ್ಲವೂ ನೆಲದ ಆದಾಯ. ಮಣ್ಣಿನಲ್ಲಿರುವ ಅಗಣಿತ ಸೂಕ್ಷ್ಮಜೀವಿಗಳು ಇವನ್ನು ತಿಂದು, ಅದರೊಳಗಿನ ಇಂಗಾಲದ ಬಹುಭಾಗವನ್ನು ಉಸಿರಾಗಿ ಹೊರಕ್ಕೆ ಬಿಡುವುವು. ಅದು ನೆಲದ ವೆಚ್ಚ. ಉಳಿದುದು ಮಣ್ಣಿಗೆ ಕಪ್ಪು ಬಣ್ಣವನ್ನೂ ಮೃದುತ್ವವನ್ನೂ ನೀರು ಹಿಡಿಯುವ ಶಕ್ತಿಯನ್ನೂ ಕೊಡುವ ಸೇಂದ್ರಿಯ ಪದಾರ್ಥ. ಭೂಮಂಡಲದ ಮಣ್ಣಿನಲ್ಲಿ ಹೀಗೆ ಉಳಿದಿರುವ ಇಂಗಾಲವು ವಾಯುಮಂಡಲದಲ್ಲಿರುವುದಕ್ಕಿಂತ ಹೆಚ್ಚು. ಆದಕಾರಣ ಈ ಲೆಕ್ಕವು ಒಬ್ಬ ಒಕ್ಕಲಿಗನ ಹೊಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮಳೆ ಬಿಸಿಲುಗಳನ್ನು ನಂಬಿ ಬಾಳುವ ಸಕಲರಿಗೂ ಸಂಬಂಧಿಸಿದ್ದು.

ಮಣ್ಣಿನಲ್ಲಿ ಕೆಲವು ಪದಾರ್ಥ ಶತಮಾನಗಳವರೆಗೆ ಕೊಳೆಯದೆ ನಿಲ್ಲುವುದೇಕೆ? ಅದು ಸೂಕ್ಷ್ಮಜೀವಿಗಳಿಂದ ಜೀರ್ಣಿಸಿಕೊಳ್ಳಲಾಗದಂತಹ ಗಟ್ಟಿ ವಸ್ತುವಾಗಿರಬೇಕೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಇತ್ತೀಚಿನ ದಶಕಗಳ ಪರಿಶೋಧನೆಯಿಂದ ಆ ನಂಬಿಕೆ ಸಡಿಲವಾಗಿದೆ. ಬಹುಮಟ್ಟಿಗೆ ಅದು ಹಗೇವಿನ ರಾಗಿಯಂತೆಯೇ ಸಾಮಾನ್ಯ ವಸ್ತು, ಸ್ಥಳಬಲದಿಂದ ಉಳಿದಿದೆ. ಜೇಡಿಯ ನುಣುಪಾದ ಕಣಗಳಿಗೂ ಕಬ್ಬಿಣ ಅಲ್ಯೂಮಿನಿಯಮುಗಳ ಆಕ್ಸೈಡುಗಳಿಗೂ ಅಂಟಿಕೊಂಡಿರುವುದು ಒಂದು ಬಗೆ. ಮಣ್ಣಿನ ಕಿರುಹೆಂಟೆಗಳ ಹೊಟ್ಟೆಯೊಳಗೆ, ಗಾಳಿಯೂ ಜೀವಿಗಳೂ ಸುಲಭವಾಗಿ ನುಗ್ಗಲಾರದ ಸಂದುಗಳಲ್ಲಿ ಸಿಕ್ಕಿಕೊಂಡಿರುವುದು ಇನ್ನೊಂದು ಬಗೆ. ಬೆಂಕಿಯಲ್ಲಿ ಬೆಂದು ಇದ್ದಲಾದ ಚೂರುಗಳು ಮಾತ್ರ ತಮ್ಮ ಸ್ವಭಾವದಿಂದಲೇ ಬಹುಕಾಲ ನಿಲ್ಲುವುವು. ೨೦೦೭ರಲ್ಲಿ ಫ್ರಾನ್ಸ್ ದೇಶದ ವಿದ್ವಾಂಸರು ಹುಲ್ಲುಗಾವಲಿನ ಆಳದಿಂದ ತೆಗೆದ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಇಂಗಾಲವಿದ್ದ ಮಣ್ಣಿಗೆ ಹೊಸ ಸಸ್ಯಪದಾರ್ಥವನ್ನು ಸೇರಿಸಿ ನೋಡಿದರು. ಅಷ್ಟು ಕಾಲ ಸುಮ್ಮನಿದ್ದ ಆ ಇಂಗಾಲವು ಕರಗತೊಡಗಿತು. ಹಗೇವಿನ ಬಾಯನ್ನು ತೆರೆದಂತಾಯಿತು.

ಈ ವಿಚಾರದ ತವರುಮನೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬ ಕ್ಷೇತ್ರ. ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರರೂ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞರೂ ಕೂಡಿ ೧೮೪೩ರಲ್ಲಿ ಅಲ್ಲಿಯ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿಯ ಪ್ರಯೋಗವನ್ನು ಆರಂಭಿಸಿದರು. ಒಂದು ಪಟ್ಟೆಗೆ ಏನೂ ಹಾಕದೆ, ಒಂದು ಪಟ್ಟೆಗೆ ಪ್ರತಿ ವರ್ಷವೂ ಎಕರೆಗೆ ಸುಮಾರು ೧೪ ಟನ್ನು ಕೊಟ್ಟಿಗೆಯ ಗೊಬ್ಬರವನ್ನು ಹಾಕಿ, ಹೀಗೆ ಬೇರೆ ಬೇರೆ ವಿಧಗಳಲ್ಲಿ ಸಾಗುವಳಿ ಮಾಡಿಕೊಂಡು ಬಂದರು. ಆ ಪ್ರಯೋಗವು ಇಂದಿಗೂ ನಡೆಯುತ್ತಿದೆ. ಗೊಬ್ಬರದ ಪಟ್ಟೆಯಲ್ಲಿ ಇಂಗಾಲವು ಏನೂ ಹಾಕದ ಪಟ್ಟೆಗಿಂತ ಎರಡು ಪಟ್ಟಿಗೂ ಮೀರಿದೆ. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಅದರ ನೆರೆಯ ಹೂಸ್‌ಫೀಲ್ಡ್ ಎಂಬ ಬಾರ್ಲಿಯ ಹೊಲ. ಅಲ್ಲಿಯ ಒಂದು ಪಟ್ಟೆಗೆ ೧೮೫೨ರಿಂದ ೧೮೭೧ರವರೆಗೆ, ಇಪ್ಪತ್ತು ವರ್ಷ ಮಾತ್ರ, ಗೊಬ್ಬರವನ್ನು ಕೊಟ್ಟು ಅನಂತರ ನಿಲ್ಲಿಸಿಬಿಟ್ಟರು. ಕೊಟ್ಟವರು ತೀರಿಕೊಂಡರು, ಅವರ ಮಕ್ಕಳೂ ಮೊಮ್ಮಕ್ಕಳೂ ತೀರಿಕೊಂಡರು. ಗೊಬ್ಬರವನ್ನು ನಿಲ್ಲಿಸಿ ನೂರು ವರ್ಷ ಮೀರಿದ ಮೇಲೂ ಆ ಪಟ್ಟೆಯ ಮಣ್ಣಿನಲ್ಲಿ, ಎಂದೂ ಗೊಬ್ಬರ ಕಾಣದ ಪಟ್ಟೆಗಿಂತ ಹೆಚ್ಚು ಸೇಂದ್ರಿಯ ಪದಾರ್ಥವಿತ್ತು. ತಾತ ಇಟ್ಟ ನಿಧಿ ಮರಿಮಗನ ಕಾಲಕ್ಕೂ ತೀರದಿರುವುದೆಂದರೆ ಇದೇ ಅಲ್ಲವೆ?

ಇಂತಹ ಹೊಲಗಳ ದೀರ್ಘಕಾಲದ ಅಳತೆಗಳನ್ನು ಮುಂದಿಟ್ಟುಕೊಂಡು ರಾಥಮ್‌ಸ್ಟೆಡ್ಡಿನ ಡೇವಿಡ್ ಜೆಂಕಿನ್ಸನ್ ಮತ್ತು ರೇನರ್ ಎಂಬ ವಿದ್ವಾಂಸರು ೧೯೭೭ರಲ್ಲಿ ಮಣ್ಣಿನ ಇಂಗಾಲಕ್ಕೆ ಒಂದು ಲೆಕ್ಕದ ಮಾದರಿಯನ್ನು ಕಟ್ಟಿದರು. ಮಣ್ಣಿನಲ್ಲಿರುವ ಸೇಂದ್ರಿಯ ಪದಾರ್ಥವನ್ನು ಐದು ಖಾನೆಗಳಾಗಿ ವಿಂಗಡಿಸಿ, ಪ್ರತಿಯೊಂದು ಖಾನೆಯಲ್ಲಿರುವುದು ಅರ್ಧಕ್ಕೆ ಇಳಿಯಲು ಎಷ್ಟು ಕಾಲ ಬೇಕೆಂಬುದನ್ನು ಗೊತ್ತುಮಾಡಿದರು. ಬೇಗ ಕೊಳೆಯುವ ಸಸ್ಯಭಾಗಕ್ಕೆ ಎರಡು ತಿಂಗಳು. ತಡೆದು ಕೊಳೆಯುವ ಸಸ್ಯಭಾಗಕ್ಕೆ ೨.೩ ವರ್ಷ, ಸೂಕ್ಷ್ಮಜೀವಿಗಳ ಶರೀರಕ್ಕೆ ೧.೭ ವರ್ಷ; ಮಣ್ಣಿನ ರಚನೆಯಿಂದ ರಕ್ಷಿತವಾದುದಕ್ಕೆ ಸುಮಾರು ೫೦ ವರ್ಷ; ರಾಸಾಯನಿಕವಾಗಿ ಸ್ಥಿರವಾದುದಕ್ಕೆ ೧,೯೮೦ ವರ್ಷ! ಗಡಿಗೆ, ಕಣಜ, ಹಗೇವುಗಳ ಭೇದವನ್ನು ಅಂಕೆಗಳಲ್ಲಿ ಬರೆದಂತೆ ಇದೆ.

ಈ ಮಾದರಿಯೇ ಕಾಲಕ್ರಮದಲ್ಲಿ ತಿದ್ದಲ್ಪಟ್ಟು ‘ರಾಥ್‌ಸಿ’ ಎಂಬ ಹೆಸರಿನಿಂದ ಪ್ರಪಂಚದಲ್ಲೆಲ್ಲ ಬಳಕೆಗೆ ಬಂದಿದೆ. ಅದರಲ್ಲಿ ರಕ್ಷಿತವಾದ ಭಾಗಕ್ಕೆ ಹ್ಯೂಮಸ್ ಎಂಬುದು ಒಂದೇ ಖಾನೆ. ಅದು ರಾಥಮ್‌ಸ್ಟೆಡ್ಡಿನ ಹವೆಯಲ್ಲಿ ವರ್ಷಕ್ಕೆ ೧೦೦ಕ್ಕೆ ೨ರಂತೆ ಕರಗುತ್ತದೆ. ಜಡವಾದ ಇಂಗಾಲವೆಂಬುದು ಮತ್ತೊಂದು ಖಾನೆ. ಅದು ಕರಗುವುದೇ ಇಲ್ಲವೆಂದು ಭಾವನೆ. ಹವೆ ಬೆಚ್ಚಗಾದರೆ ಕೊಳೆಯುವ ವೇಗ ಹೆಚ್ಚುತ್ತದೆ, ನೆಲ ಒಣಗಿದರೆ ತಗ್ಗುತ್ತದೆ, ಪೈರು ಮುಚ್ಚಿದ್ದರೆ ಇನ್ನೂ ತಗ್ಗುತ್ತದೆ. ವರ್ಷದ ಸರಾಸರಿ ಉಷ್ಣತೆ ೯.೩ ಡಿಗ್ರಿ ಸೆಂಟಿಗ್ರೇಡ್ ಇರುವ ರಾಥಮ್‌ಸ್ಟೆಡ್ಡಿನ ವೇಗವನ್ನು ಒಂದೆಂದು ಹಿಡಿದರೆ, ೨೪ ಡಿಗ್ರಿಯ ನಮ್ಮ ಸೀಮೆಯಲ್ಲಿ ಉಷ್ಣತೆಯೊಂದರಿಂದಲೇ ಅದು ಮೂರೂವರೆಯಷ್ಟಾಗುತ್ತದೆ. ನಮ್ಮ ಮಣ್ಣಿನಲ್ಲಿ ಗೊಬ್ಬರ ನಿಲ್ಲದು, ಬಿಸಿಲಿಗೆ ಉರಿದುಹೋಗುವುದು ಎಂದು ಒಕ್ಕಲಿಗರು ಹೇಳುವ ಮಾತಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇನ್ನು ಜೇಡಿಯ ವಿಚಾರ. ಕೊಳೆತ ಪದಾರ್ಥದಲ್ಲಿ ಎಷ್ಟು ಪಾಲು ಉಸಿರಾಗಿ ಹೋಗುತ್ತದೆ, ಎಷ್ಟು ಪಾಲು ಮಣ್ಣಿನಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಮಾದರಿಯು ಜೇಡಿಯ ಪ್ರಮಾಣದಿಂದ ನಿರ್ಣಯಿಸುತ್ತದೆ. ಜೇಡಿಯೇ ಇಲ್ಲದ ಮರಳಿನಲ್ಲಿ ೧೦೦ಕ್ಕೆ ಸುಮಾರು ೧೫ ಪಾಲು ನಿಲ್ಲುತ್ತದೆ. ೨೦ ಪಾಲು ಜೇಡಿಯಿದ್ದರೆ ೨೧ಕ್ಕೆ ತುಸು ಹೆಚ್ಚು. ೫೦ ಪಾಲು ಜೇಡಿಯಿದ್ದರೆ ೨೪. ಹೀಗೆ ಒಮ್ಮೆ ನಿಂತ ಮೇಲೆ, ಹ್ಯೂಮಸ್ಸು ಕರಗುವ ವೇಗ ಮರಳಿಗೂ ಒಂದೇ, ಜೇಡಿಗೂ ಒಂದೇ. ಅದು ಎಂತಹ ಜೇಡಿಯೆಂದೂ ಈ ಲೆಕ್ಕ ಕೇಳುವುದಿಲ್ಲ. ಬಳ್ಳಾರಿ ಧಾರವಾಡಗಳ ಕಡೆಯ, ನೀರು ಕಂಡರೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣಿನ ಜೇಡಿಯೂ, ಕೋಲಾರ ತುಮಕೂರುಗಳ ಕಡೆಯ, ಕಬ್ಬಿಣದ ತುಕ್ಕಿನಿಂದ ಕೆಂಪಾದ ಮಸಾರೆಯ ಜೇಡಿಯೂ ಅದರ ಪಾಲಿಗೆ ಒಂದೇ. ಸೊಸೆಯಂದಿರೆಲ್ಲ ಒಂದೇ ಸ್ವಭಾವದವರೆಂದು ಎಣಿಸಿ ಮನೆವಾರ್ತೆ ನಡಸಹೊರಟ ಅತ್ತೆಯಂತಾಯಿತು.

ಈ ಅಂಕೆಗಳು ನಮ್ಮ ಮನೆಯ ಜಗುಲಿಗೆ ಹೇಗೆ ಬಂದುವೆಂಬುದನ್ನು ಈಗ ಹೇಳಬೇಕು. ನಮಗೂ ನಮ್ಮ ಅಣ್ಣನವರಿಗೂ ಕೂಡಿ ಪಿತ್ರಾರ್ಜಿತವಾಗಿ ಬಂದ ಎರಡು ಎಕರೆ ಕೆಂಪು ಹೊಲವಿದೆ. ಕೊಳವೆಬಾವಿಗೆಂದು ಮಾಡಿದ ಸಾಲ ಅಣ್ಣನವರ ತಲೆಯ ಮೇಲಿತ್ತು. ಬಾವಿಯಲ್ಲಿ ನೀರು ಬರಲಿಲ್ಲ, ಬಡ್ಡಿ ಮಾತ್ರ ಬರುತ್ತಿತ್ತು. ಹೀಗಿರಲು ಇಟ್ಟಿಗೆಯ ಗೂಡಿನವರೊಬ್ಬರು ಬಂದು, ಮೇಲಿನ ಒಂದು ಅಡಿ ಮಣ್ಣನ್ನು ಕೊಟ್ಟರೆ ಸಾಲ ತೀರುವಷ್ಟು ಹಣವನ್ನು ಒಂದೇ ಕಂತಿನಲ್ಲಿ ಎಣಿಸುವುದಾಗಿ ಹೇಳಿದರು. ನೆಲ ಎಲ್ಲಿಗೂ ಹೋಗದು, ಹದ್ದುಬಸ್ತು ಹಾಗೆಯೇ ಇರುತ್ತದೆ, ಪಹಣಿಯಲ್ಲಿ ಹೆಸರೂ ಹಾಗೆಯೇ ಇರುತ್ತದೆ. ಪಕ್ಕದ ಹೊಲದವರು ಆಗಲೇ ಒಪ್ಪಿಕೊಂಡಿದ್ದರು.

“ಒಂದು ಅಡಿ ಹೋದರೆ ಏನಾಯಿತು? ಕೆಳಗಿರುವುದೂ ಮಣ್ಣೇ. ನಾಲ್ಕು ವರ್ಷ ಗೊಬ್ಬರ ಹೊಡೆದರೆ ಹೊಲ ಮೊದಲಿನಂತೆಯೇ ಆಗುತ್ತದೆ. ನೀನು ಓದಿದವನು, ಲೆಕ್ಕ ಹಾಕಿ ಹೇಳು” ಎಂದರು ಅಣ್ಣನವರು. ಅವರ ಮಾತಿನಲ್ಲಿ ದುರಾಶೆಯಿರಲಿಲ್ಲ, ದಣಿವಿತ್ತು. ಸಾಲಗಾರನ ಮುಖವನ್ನು ಪ್ರತಿ ತಿಂಗಳೂ ನೋಡುವವನಿಗೆ ಶತಮಾನಗಳ ಮಾತನ್ನು ಹೇಳುವುದು ಸುಲಭವಲ್ಲ. ಆದರೂ ಕೇಳಿದುದು ಲೆಕ್ಕವಾದುದರಿಂದ ಲೆಕ್ಕವನ್ನೇ ಹಾಕಿದೆವು.

ಒಂದು ಎಕರೆಯ ಒಂದು ಅಡಿ ಮಣ್ಣೆಂದರೆ ಸುಮಾರು ೧,೮೦೦ ಟನ್ನು. ನಮ್ಮ ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದಾಗ ಇಂಗಾಲವು ೧೦೦ಕ್ಕೆ ಅರ್ಧ ಪಾಲು, ಜೇಡಿಯು ೨೦ ಪಾಲು ಎಂದು ಬಂದಿತ್ತು. ಅಂದರೆ ಎಕರೆಗೆ ೯ ಟನ್ನು ಇಂಗಾಲ. ಅದರಲ್ಲಿ ಕೊಳೆಯುತ್ತಿರುವ ಬೇರು ಕಡ್ಡಿಗಳನ್ನೂ ಜಡವಾದ ಅಂಶವನ್ನೂ ಕಳೆದರೆ ಹಗೇವಿನಲ್ಲಿರುವುದು ೭ ಟನ್ನು. ಇದು ಆಸ್ತಿ. ಇನ್ನು ಆದಾಯ: ವರ್ಷಕ್ಕೆ ಎಕರೆಗೆ ನಾಲ್ಕು ಟನ್ನು ಕೊಟ್ಟಿಗೆಯ ಗೊಬ್ಬರವನ್ನು ಹೊಡೆದರೆ, ನೀರನ್ನೂ ಮಣ್ಣನ್ನೂ ಕಳೆದು ಇಂಗಾಲವು ಅರ್ಧ ಟನ್ನಿನಷ್ಟು ಸಿಕ್ಕೀತು, ರಾಗಿಯ ಬೇರು ಕೂಳೆಗಳಿಂದ ಇನ್ನರ್ಧ ಟನ್ನು ಎಂದು ಉದಾರವಾಗಿಯೇ ಹಿಡಿದೆವು. ಈ ಒಂದು ಟನ್ನಿನಲ್ಲಿ ಸೂಕ್ಷ್ಮಜೀವಿಗಳ ಊಟವೆಲ್ಲ ಮುಗಿದು ಕಟ್ಟಕಡೆಗೆ ಹಗೇವಿಗೆ ಸೇರುವುದು, ರಾಥ್‌ಸಿ ಮಾದರಿಯ ಪ್ರಕಾರ, ೧೪೦ ಕಿಲೋಗ್ರಾಮಿಗಿಂತ ಹೆಚ್ಚಿಲ್ಲ. ಒಂದು ಚೂರೂ ಕರಗದೆ ಎಲ್ಲವೂ ನಿಂತರೂ ೭ ಟನ್ನು ಕೂಡಲು ೫೦ ವರ್ಷ ಬೇಕು. ಅಣ್ಣನವರು ಹೇಳಿದ ನಾಲ್ಕು ವರ್ಷದಲ್ಲಿ ಅರ್ಧ ಟನ್ನಿನ ಮೇಲೆ ಸ್ವಲ್ಪ ಕೂಡುತ್ತದೆ, ಅಷ್ಟೆ.

ಆದರೆ ಹಗೇವಿನಿಂದಲೂ ಸೋರುವಿಕೆಯುಂಟಷ್ಟೆ. ನಮ್ಮ ಸೀಮೆಯ ಬಿಸಿಲಿನಿಂದ ಹೆಚ್ಚಿದ ವೇಗವನ್ನು ಬೇಸಗೆಯ ಒಣಗಿನಿಂದ ತಗ್ಗಿಸಿ, ರಾಥಮ್‌ಸ್ಟೆಡ್ಡಿನ ಎರಡರಷ್ಟೆಂದು ಹಿಡಿದೆವು. ವರ್ಷಕ್ಕೆ ೧೦೦ಕ್ಕೆ ೪. ಆದಾಯ ೧೪೦ ಕಿಲೋಗ್ರಾಮು, ಸೋರಿಕೆ ೧೦೦ಕ್ಕೆ ೪ ಎಂದಾದರೆ ಎರಡೂ ಸರಿದೂಗುವುದು ೩ೂವರೆ ಟನ್ನಿನಲ್ಲಿ. ಇಲ್ಲಿಯೇ ಲೆಕ್ಕವು ತೊಡಕಿಗೆ ಬಂದಿತು. ಮಾದರಿಯ ಮಾತನ್ನು ನಂಬಿದರೆ ನಮ್ಮ ಹೊಲದ ಹಗೇವಿನಲ್ಲಿ ಮೂರೂವರೆ ಟನ್ನು ಇರಬೇಕು, ಇರುವುದು ಏಳು. ಅರ್ಧಕ್ಕರ್ಧ ವ್ಯತ್ಯಾಸ!

ಇದಕ್ಕೆ ಎರಡು ಸಮಾಧಾನಗಳನ್ನು ಹೇಳಬಹುದು. ನಮ್ಮ ತಾತಂದಿರ ಕಾಲದಲ್ಲಿ ಆ ನೆಲವು ಕುರುಚಲು ಕಾಡಾಗಿಯೂ ದನದ ಗೋಮಾಳವಾಗಿಯೂ ಇತ್ತು. ಆಗ ಕೂಡಿದ ಸಿರಿ ಇನ್ನೂ ಪೂರ್ತಿ ಕರಗಿಲ್ಲ, ಕರಗುತ್ತಲಿದೆ ಎಂಬುದು ಒಂದು. ಕೆಂಪು ಜೇಡಿಯ ಕಬ್ಬಿಣವು ಇಂಗಾಲವನ್ನು ಮಾದರಿಯು ಎಣಿಸಿದುದಕ್ಕಿಂತ ಬಿಗಿಯಾಗಿ ಹಿಡಿದಿದೆ, ಸೋರಿಕೆಯ ಗುಣಾಂಕವು ೪ ಅಲ್ಲ, ೨ ಎಂಬುದು ಇನ್ನೊಂದು. ಸೋರಿಕೆಯನ್ನು ಅರ್ಧಕ್ಕಿಳಿಸಿದರೆ ಸರಿದೂಗುವ ಮೊತ್ತವು ಸರಿಯಾಗಿ ಏಳು ಟನ್ನಾಗುತ್ತದೆ. ಲೆಕ್ಕ ಸೊಗಸಾಗಿ ಕೂಡಿತು. ಆದರೆ ಲೆಕ್ಕ ಕೂಡಿತೆಂದ ಮಾತ್ರಕ್ಕೆ ಸತ್ಯವಾಯಿತೆ? ಪೆಟ್ಟಿಗೆಯಲ್ಲಿ ಹಣ ಕಡಿಮೆ ಬಂದಾಗ ಶಾನುಭೋಗನು ಒಂದು ವೆಚ್ಚವನ್ನು ಕಲ್ಪಿಸಿ ಬರೆದರೂ ಲೆಕ್ಕ ಕೂಡುತ್ತದೆ.

ಗುಣಾಂಕಗಳನ್ನು ತಿದ್ದುವ ಕೆಲಸವನ್ನು ವಿದ್ವಾಂಸರು ಹೇಗೆ ಮಾಡಿರುವರೆಂಬುದನ್ನು ನೋಡಿದರೆ ಈ ಎಚ್ಚರಿಕೆಯು ಅರ್ಥವಾಗುತ್ತದೆ. ಆಸ್ಟ್ರೇಲಿಯದ ಸ್ಕೆಮ್‌ಸ್ಟಾಡ್ ಮತ್ತು ಅವರ ಸಂಗಡಿಗರು, ಕ್ವೀನ್ಸ್‌ಲೆಂಡಿನ ಬ್ರಿಗಲೊ ಮತ್ತು ದಕ್ಷಿಣ ಆಸ್ಟ್ರೇಲಿಯದ ಟಾರ್ಲಿ ಎಂಬಲ್ಲಿಯ ದೀರ್ಘಕಾಲದ ಪ್ರಯೋಗಗಳ ಮಣ್ಣನ್ನು ತೆಗೆದುಕೊಂಡು, ಮೊದಲು ಖಾನೆಗಳನ್ನೇ ಅಳೆದರು. ಜರಡಿಯಲ್ಲಿ ನಿಲ್ಲುವ ಸಸ್ಯಚೂರುಗಳನ್ನು ಒಂದು ಖಾನೆಯೆಂದೂ, ಇದ್ದಲಿನ ಅಂಶವನ್ನು ಜಡವಾದ ಖಾನೆಯೆಂದೂ, ಉಳಿದುದನ್ನು ಹ್ಯೂಮಸ್ಸೆಂದೂ ಬೇರ್ಪಡಿಸಿ ತೂಗಿದರು. ಆಮೇಲೆ ಮಾದರಿಯನ್ನು ನಡಸಿ ನೋಡಿದಾಗ, ತಡೆದು ಕೊಳೆಯುವ ಸಸ್ಯಭಾಗದ ಗುಣಾಂಕವೊಂದನ್ನು ವರ್ಷಕ್ಕೆ ೦.೩೦ರಿಂದ ೦.೧೫ಕ್ಕೆ ಇಳಿಸಬೇಕಾಯಿತು, ಉಳಿದವು ಹಾಗೆಯೇ ಸಲ್ಲುತ್ತಿದ್ದುವು. ಇದನ್ನು ೨೦೦೪ರಲ್ಲಿ ಪ್ರಕಟಿಸಿದರು. ಅದೇ ವರ್ಷ ಜಪಾನಿನ ಶಿರಾತೊ ಮತ್ತು ಅವರ ಸಂಗಡಿಗರು ತಮ್ಮ ದೇಶದ ಜ್ವಾಲಾಮುಖಿಯ ಬೂದಿಯಿಂದಾದ ಕಪ್ಪು ಮಣ್ಣನ್ನು ವಿಚಾರಿಸಿದರು. ಆ ಮಣ್ಣಿನಲ್ಲಿ ಅಲ್ಯೂಮಿನಿಯಮ್ ಹ್ಯೂಮಸ್ಸಿನೊಂದಿಗೆ ಬೆಸೆದುಕೊಂಡು ಅದನ್ನು ಕಾಯುತ್ತದೆ. ಮಾದರಿಯ ಮೂಲ ಗುಣಾಂಕದಿಂದ ಲೆಕ್ಕ ಹಾಕಿದರೆ ಇರುವುದಕ್ಕಿಂತ ಬಹಳ ಕಡಿಮೆ ಇಂಗಾಲ ಬರುತ್ತಿತ್ತು. ಅವರು ಆ ಅಲ್ಯೂಮಿನಿಯಮನ್ನೇ ಅಳೆದು, ಅದು ಹೆಚ್ಚಿದಂತೆ ಹ್ಯೂಮಸ್ಸಿನ ಸೋರಿಕೆಯು ತಗ್ಗುವಂತೆ ಗುಣಾಂಕವನ್ನು ತಿದ್ದಿದರು. ಮುಂದೆ ೨೦೦೭ರಲ್ಲಿ ಜಿಮ್ಮರ್‌ಮನ್ ಮತ್ತು ಅವರ ಸಂಗಡಿಗರು ಸ್ವಿಟ್ಜರ್‌ಲೆಂಡಿನ ಮಣ್ಣುಗಳನ್ನು ಸೋಸಿ, ತೇಲಿಸಿ, ರಸಾಯನದಿಂದ ತೊಳೆದು ಬೇರ್ಪಡಿಸಿದ ಅಂಶಗಳು ಮಾದರಿಯ ಕಾಲ್ಪನಿಕ ಖಾನೆಗಳಿಗೆ ಒಪ್ಪುವುದನ್ನು ತೋರಿಸಿದರು.

ಈ ಮೂವರ ಕ್ರಮದಲ್ಲಿಯೂ ಒಂದು ಮರ್ಯಾದೆ ಇದೆ. ಗುಣಾಂಕವನ್ನು ತಿದ್ದುವವನು ಸಾಕ್ಷಿಯನ್ನು ತರಬೇಕು. ಒಟ್ಟು ಇಂಗಾಲವೊಂದನ್ನೇ ಕಂಡು, ಅದಕ್ಕೆ ಹೊಂದುವಂತೆ ಯಾವ ಗುಣಾಂಕವನ್ನು ಬೇಕಾದರೂ ಎಳೆದಾಡಿದರೆ ನೂರು ದಾರಿಗಳಲ್ಲಿ ಲೆಕ್ಕ ಕೂಡುತ್ತದೆ. ನಾಳಿನ ಭವಿಷ್ಯವು ಮಾತ್ರ ಪ್ರತಿಯೊಂದು ದಾರಿಯಲ್ಲಿಯೂ ಬೇರೆ. ನಮ್ಮ ಹೊಲದ ಎರಡು ಸಮಾಧಾನಗಳನ್ನೇ ನೋಡಿರಿ. ಇಂದಿನ ಮೊತ್ತ ಎರಡಕ್ಕೂ ಏಳು ಟನ್ನೇ. ಆದರೆ ಒಂದರ ಪ್ರಕಾರ ಹೊಲವು ಇಳಿಯುತ್ತಿದೆ, ಇನ್ನೊಂದರ ಪ್ರಕಾರ ನೆಮ್ಮದಿಯಾಗಿ ನಿಂತಿದೆ.

ಈ ಸಂದೇಹವನ್ನು ಅಣ್ಣನವರ ಮುಂದೆ ಮುಚ್ಚಿಡದೆ ಹೇಳಿದೆವು. “ಹಾಗಾದರೆ ನಿನ್ನ ಶಾಸ್ತ್ರಕ್ಕೇ ಗೊತ್ತಿಲ್ಲ. ಗೊತ್ತಿಲ್ಲದ ಲೆಕ್ಕಕ್ಕಾಗಿ ಕೈಗೆ ಬಂದ ಹಣವನ್ನು ಬಿಡಲೆ?” ಎಂದರು. ಮಾತು ನ್ಯಾಯವಾದುದೇ. ಆದಕಾರಣ ಎರಡು ದಾರಿಗಳಲ್ಲಿಯೂ ಮುಂದಕ್ಕೆ ಹೋಗಿ ನೋಡಿದೆವು. ಸೋರಿಕೆಯು ೪ ಎಂದಾದರೆ, ಮಣ್ಣನ್ನು ಕೊಟ್ಟ ಹೊಲವು ಹದಿನೇಳು ಹದಿನೆಂಟು ವರ್ಷಗಳಲ್ಲಿ ತನ್ನ ಮಿತಿಯ ಅರ್ಧಕ್ಕೆ ಬರುತ್ತದೆ. ಆದರೆ ಆ ಮಿತಿಯೇ ಮೂರೂವರೆ ಟನ್ನು. ಏಳನ್ನು ನಮ್ಮ ಗೊಬ್ಬರದಿಂದ ಅದು ಎಂದೆಂದಿಗೂ ಮುಟ್ಟದು. ಸೋರಿಕೆಯು ೨ ಎಂದಾದರೆ, ಏಳು ಟನ್ನನ್ನು ಮುಟ್ಟುವ ಆಶೆಯುಂಟು. ಆದರೆ ಅದರ ಅರ್ಧಕ್ಕೆ ಬರಲು ೩೫ ವರ್ಷ, ಮುಕ್ಕಾಲಿಗೆ ಬರಲು ೭೦ ವರ್ಷ. ಕೆಳಗಿನ ಪದರದಲ್ಲಿಯೂ ಸ್ವಲ್ಪ ಇಂಗಾಲವಿರುತ್ತದೆಂದು ಅದನ್ನು ಸೇರಿಸಿಕೊಂಡರೂ ಕೆಲವು ವರ್ಷ ಕಡಿಮೆಯಾದೀತೇ ಹೊರತು ತೀರ್ಪು ಬದಲಾಗದು. ಭದ್ರತೆ ಹೆಚ್ಚಿದಷ್ಟೂ ಪುನಃ ತುಂಬುವುದು ನಿಧಾನ. ಇದು ಈ ಲೆಕ್ಕದ ಒಳಗುಟ್ಟು. ಯಾವುದು ಸುಲಭವಾಗಿ ಕಳೆಯುವುದಿಲ್ಲವೋ ಅದು ಸುಲಭವಾಗಿ ಬರುವುದೂ ಇಲ್ಲ. ಹೀಗೆ ಯಾವ ಗುಣಾಂಕ ದಿಟವೆಂಬುದು ತೀರ್ಮಾನವಾಗದಿದ್ದರೂ ಏನು ಮಾಡಬೇಕೆಂಬುದು ತೀರ್ಮಾನವಾಯಿತು.

ಅತ್ತಿಗೆಯವರು ಅಷ್ಟು ಹೊತ್ತೂ ಬಾಗಿಲ ಬಳಿ ಕುಳಿತು ಅವರೆಯನ್ನು ಸುಲಿಯುತ್ತಿದ್ದರು. ನಮ್ಮ ಅಂಕೆಗಳಲ್ಲಿ ಅವರು ಎಷ್ಟನ್ನು ಕೇಳಿದರೋ ಕಾಣೆವು. “ಹಗೇವಿನ ರಾಗಿಯನ್ನು ಮಾರುವುದು ಬೇರೆ, ಕಷ್ಟಕಾಲಕ್ಕೆ ಯಾರೂ ಮಾರುತ್ತಾರೆ. ಇವರು ಹಗೇವನ್ನೇ ಕಿತ್ತುಕೊಂಡು ಹೋಗುತ್ತೇವೆಂದು ಬಂದಿದ್ದಾರಲ್ಲ, ಆಮೇಲೆ ರಾಗಿ ಬೆಳೆದರೂ ಎಲ್ಲಿ ಇಡುತ್ತೀರಿ?” ಎಂದರು. ನಾವು ಎರಡು ಹಾಳೆಗಳಲ್ಲಿ ಬರೆದುದಕ್ಕಿಂತ ಇದು ಮುಂದೆ ಹೋಗಿತ್ತು. ಗೂಡಿಗೆ ಹೋಗುವುದು ಇಂಗಾಲ ಮಾತ್ರವಲ್ಲ. ಇಂಗಾಲವನ್ನು ಹಿಡಿದು ನಿಲ್ಲಿಸುವ ಜೇಡಿಯೂ, ಬೇರುಗಳೂ ಎರೆಹುಳುಗಳೂ ಕಟ್ಟಿದ ಕಿರುಹೆಂಟೆಗಳೂ ಹೋಗುತ್ತವೆ. ಗೂಡಿನ ಬೆಂಕಿಯಲ್ಲಿ ಇಂಗಾಲ ಉರಿದುಹೋಗಿ, ಜೇಡಿಯು ಮರಳಿ ಮಣ್ಣಾಗದಂತೆ ಸುಟ್ಟುಹೋಗುತ್ತದೆ.

ಅಣ್ಣನವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಗೂಡಿನವರಿಗೆ ಬರುವುದು ಬೇಡವೆಂದು ಹೇಳಿ ಕಳುಹಿಸಿದರು. ಸಾಲವು ತಾನಾಗಿ ತೀರಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಕಥೆಯನ್ನು ಸಿಹಿಮಾಡಿದಂತಾದೀತು. ಒಂದು ಜೊತೆ ಎತ್ತುಗಳು ಹೋದುವು. ನಾವು ಪ್ರತಿ ತಿಂಗಳೂ ನಮ್ಮ ಪಾಲನ್ನು ಕೊಡುತ್ತಿದ್ದೇವೆ. ಇನ್ನೂ ಎರಡು ವರ್ಷದ ಕಂತು ಬಾಕಿ ಇದೆ. ಪಕ್ಕದ ಹೊಲವು ಈಗ ನಮ್ಮದಕ್ಕಿಂತ ಒಂದು ಅಡಿ ತಗ್ಗಿನಲ್ಲಿದೆ. ದೊಡ್ಡ ಮಳೆ ಬಂದಾಗ ನಮ್ಮ ಬದುವಿನ ಅಂಚು ಅತ್ತ ಜರಿಯುತ್ತದೆ. ಅಣ್ಣನವರು ಕಲ್ಲು ಕಟ್ಟಿಸಿ ನಿಲ್ಲಿಸುತ್ತಿದ್ದಾರೆ.

ಒಂದು ಮನೆಯ ಎರಡು ಎಕರೆಗೆ ಸಂಬಂಧಿಸಿದ ಈ ವಿಚಾರವೇ ಲೋಕದ ಮಟ್ಟದಲ್ಲಿಯೂ ನಡೆಯುತ್ತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಯಾವ ದೇಶದ ಮಣ್ಣು ಎಷ್ಟು ಇಂಗಾಲವನ್ನು ಹಿಡಿಯಬಲ್ಲುದೆಂಬ ಭೂಪಟವನ್ನು ಈ ರಾಥ್‌ಸಿ ಮಾದರಿಯ ಆಧಾರದಿಂದಲೇ ಸಿದ್ಧಪಡಿಸಿದ್ದಾರೆ. ಮಣ್ಣಿನಲ್ಲಿ ಇಂಗಾಲವನ್ನು ಕೂಡಿಸಿದರೆ ಹಣ ಕೊಡುವೆವೆಂದು ರೈತರ ಬಾಗಿಲಿಗೆ ಬರುವ ವ್ಯಾಪಾರಿಗಳೂ ಇಂದು ಹಲವರಿದ್ದಾರೆ. ಅವರ ಕೈಯಲ್ಲಿರುವುದೂ ಇಂತಹುದೇ ಒಂದು ಮಾದರಿ. ರಕ್ಷಿತವಾದ ಭಾಗದ ಗುಣಾಂಕವು ತಪ್ಪಾಗಿದ್ದರೆ, ನಾಲ್ಕು ವರ್ಷದಲ್ಲಿ ಗಾಳಿಗೆ ಹೋಗತಕ್ಕ ಗಡಿಗೆಯ ರಾಗಿಯನ್ನು ಹಗೇವಿನ ರಾಗಿಯೆಂದು ಎಣಿಸಿ ಹಣ ಹಂಚಿದಂತಾಗುತ್ತದೆ. ಇಲ್ಲವೆ ತಲೆಮಾರುಗಳಿಂದ ಹೊಲವನ್ನು ಕೆಡಿಸದೆ ಕಾಪಾಡಿದವನಿಗೆ ನಿನ್ನದೇನೂ ಇಲ್ಲವೆಂದು ಹೇಳಿದಂತಾಗುತ್ತದೆ. ತಂಪು ದೇಶದ ಹೊಲದಲ್ಲಿ ಹುಟ್ಟಿದ ಗುಣಾಂಕವನ್ನು ಉಷ್ಣದೇಶದ ಕೆಂಪು ಮಣ್ಣಿಗೆ ಒಪ್ಪಿಸುವ ಮೊದಲು ಇಲ್ಲಿಯ ದೀ‍ರ್ಘಕಾಲದ ಹೊಲಗಳನ್ನು ಸಾಕ್ಷಿಗೆ ಕರೆಯಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರಾಗಿ ಮತ್ತು ಮುಸುಕಿನ ಜೋಳಗಳ ಗೊಬ್ಬರದ ಪ್ರಯೋಗವು ೧೯೮೬ರಲ್ಲಿ ಮೊದಲಾಯಿತು. ಕೊಯಮತ್ತೂರಿನಲ್ಲಿ ೧೯೦೯ರಲ್ಲಿಯೇ ಮೊದಲಾಗಿತ್ತು. ಇಂತಹ ಹೊಲಗಳು ಸರಕಾರದ ಆಯವ್ಯಯದಲ್ಲಿ ಅಲ್ಪ ವಿಷಯಗಳಾಗಿ ಕಾಣಬಹುದು. ಆದರೆ ಅವನ್ನು ಒಮ್ಮೆ ನಿಲ್ಲಿಸಿದರೆ ಕಳೆದ ವರ್ಷಗಳನ್ನು ಯಾವ ಹಣದಿಂದಲೂ ಕೊಂಡು ತರಲಾಗದು.

ಗೃಹಸ್ಥರಾದ ನಾವು ಮಾಡತಕ್ಕುದೇನು? ಹೊಸದಾಗಿ ಹೇಳುವುದು ಬಹಳವಿಲ್ಲ. ಕೂಳೆಗೆ ಬೆಂಕಿಯಿಡದಿರುವುದು, ಸಗಣಿಯನ್ನು ಬೆರಣಿಮಾಡಿ ಒಲೆಗೆ ಹಾಕದೆ ತಿಪ್ಪೆಗೆ ಹಾಕುವುದು, ಹೊಲವನ್ನು ಬೇಕಾದುದಕ್ಕಿಂತ ಹೆಚ್ಚು ಸಲ ಉತ್ತು ಕಿರುಹೆಂಟೆಗಳನ್ನು ಒಡೆಯದಿರುವುದು, ಬದುವನ್ನು ಭದ್ರವಾಗಿ ಇಟ್ಟುಕೊಳ್ಳುವುದು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡನ್ನು ಗಾಡಿಗಳಲ್ಲಿ ತಂದು ಕೆಂಪು ಹೊಲಕ್ಕೆ ಹರಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದುದು. ಅದನ್ನು ಗೊಬ್ಬರವೆಂದಷ್ಟೇ ತಿಳಿಯುವುದುಂಟು. ಆದರೆ ಕೆರೆಗೋಡು ಬರಿಯ ಗೊಬ್ಬರವಲ್ಲ. ಮಳೆಯೊಡನೆ ಹೊಲಗಳಿಂದ ಜಾರಿಹೋಗಿದ್ದ ನುಣ್ಣನೆಯ ಜೇಡಿಯೇ ಅದು. ಗೊಬ್ಬರವು ಕಾಳಾದರೆ ಗೋಡು ಹಗೇವು. ಹೀಗೆಂದು ಬರೆದಿಡದೆಯೇ ನಮ್ಮವರು ಇದನ್ನು ನಡಸಿಕೊಂಡು ಬಂದರು.

ಇದರೊಂದಿಗೆ ಇನ್ನೊಂದು ಸಣ್ಣ ಕೆಲಸವನ್ನು ವಾಚಕರಿಗೆ ಸೂಚಿಸುವೆವು. ರಾಥಮ್‌ಸ್ಟೆಡ್ಡಿನವರು ಮೊದಲಿನಿಂದಲೂ ಹೊಲಗಳ ಮಣ್ಣನ್ನೂ ಕಾಳನ್ನೂ ಹುಲ್ಲನ್ನೂ ಸೀಸೆಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ತಾರೀಖು ಬರೆದು ಇಟ್ಟುಕೊಂಡು ಬಂದಿದ್ದಾರೆ. ಅಂತಹ ಸೀಸೆಗಳು ಇಂದು ಸುಮಾರು ಮೂರು ಲಕ್ಷ ಇವೆ. ಇಂಗಾಲದ ವಯಸ್ಸನ್ನು ಅಳೆಯುವ ವಿದ್ಯೆಯು ಹುಟ್ಟುವುದಕ್ಕೆ ಬಹು ಹಿಂದೆಯೇ ಆ ಮಣ್ಣನ್ನು ತುಂಬಿಟ್ಟಿದ್ದರು. ಅನಂತರ ಬಂದವರು ಅದನ್ನು ತೆರೆದು ಅಳೆದುದರಿಂದಲೇ ನಾವು ಮೇಲೆ ಹೇಳಿದ ಗುಣಾಂಕಗಳಿಗೆ ಬೆಲೆ ಬಂದಿತು. ಹೊಲವಿರುವ ಪ್ರತಿಯೊಂದು ಮನೆಯಲ್ಲಿಯೂ, ಸುಗ್ಗಿಯ ತರುವಾಯ, ಒಂದು ಗೇಣು ಆಳದ ಮಣ್ಣನ್ನು ನಾಲ್ಕಾರು ಕಡೆಗಳಿಂದ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಒಂದು ಗಾಜಿನ ಸೀಸೆಯಲ್ಲಿ ತುಂಬಿ, ಹೊಲದ ಹೆಸರನ್ನೂ ವರ್ಷವನ್ನೂ ಬರೆದಿಡಬಹುದು. ಐದು ವರ್ಷಕ್ಕೊಂದು ಸೀಸೆ ಸಾಕು. ಖರ್ಚಿಲ್ಲ, ಅಟ್ಟದ ಮೂಲೆಯಲ್ಲಿ ಒಂದು ಮೊಳ ಜಾಗ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಮೊದಲನೆಯ ಸೀಸೆಯನ್ನು ಅಣ್ಣನವರ ಮಗಳು ತುಂಬಿದಳು. ಚೀಟಿಯನ್ನು ಅಣ್ಣನವರೇ ಬರೆದರು.